ಡೈನಮೇಷನ್: ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಬಂದದ್ದು ಹೇಗೆ?

ಗ್ರೀಕ್ ಪುರಾಣದ ವೀರ ಜೇಸನ್‌ನ ಕಥೆ ಹೇಳುವ, 1963ರಲ್ಲಿ ತೆರೆಕಂಡ 'ಜೇಸನ್ ಅಂಡ್ ದಿ ಆರ್ಗೋನಾಟ್ಸ್' ಚಿತ್ರದ ಕೊನೆಯ ಕಾಳಗವನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ನೆಲ ಬಿರಿದು ಏಳು ಅಸ್ಥಿಪಂಜರಗಳು ಏಳುತ್ತವೆ. ಕತ್ತಿ ಗುರಾಣಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಬಂದು, ಇದ್ದಕ್ಕಿದ್ದಂತೆ ಚೀರಿ ಮೂವರು ವೀರರ ಮೇಲೆ ಎರಗುತ್ತವೆ. ಸಿನಿಮಾಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ಬರುವುದಕ್ಕೆ ಎಷ್ಟೋ ಮುಂಚೆ ಇದನ್ನು ತೆಗೆದ ವಿಧಾನದ ಹೆಸರೇ ಡೈನಮೇಷನ್.

ಇದು ಸ್ಟಾಪ್ ಮೋಷನ್‌ನ ಇನ್ನೊಂದು ಹೆಸರು ಎಂದುಕೊಂಡವರು ಬಹಳ. ಹಾಗೆಂದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಬೊಂಬೆಯನ್ನು ಎಳ್ಳಷ್ಟು ಸರಿಸಿ ಒಂದು ಫ್ರೇಮ್ (ಫಿಲ್ಮಿನ ಒಂದು ಬಿಡಿ ಚಿತ್ರ), ಮತ್ತೆ ಸರಿಸಿ ಇನ್ನೊಂದು ಫ್ರೇಮ್ ತೆಗೆಯುತ್ತ ಹೋಗುವುದು ಸ್ಟಾಪ್ ಮೋಷನ್. ಅದು ಹಳೆಯ ವಿದ್ಯೆ. 1933ರ 'ಕಿಂಗ್ ಕಾಂಗ್'ನಲ್ಲಿ ವಿಲ್ಲಿಸ್ ಓಬ್ರಿಯನ್ ಅದರಿಂದ ಅದ್ಭುತವನ್ನೇ ಮಾಡಿ ತೋರಿಸಿದ್ದರು. ಆ ಚಿತ್ರವನ್ನು ಹುಡುಗನಾಗಿದ್ದಾಗ ನೋಡಿ ಮರುಳಾದ ರೇ ಹ್ಯಾರಿಹೌಸನ್, ಮುಂದೆ 'ಮೈಟಿ ಜೋ ಯಂಗ್' ಚಿತ್ರದಲ್ಲಿ ಅವರ ಕೈಕೆಳಗೇ ಕೆಲಸ ಮಾಡಿದರು. ಬೊಂಬೆಯನ್ನು ನಿಜವಾದ ನಟರ ನಡುವೆ, ಕಡಿಮೆ ಖರ್ಚಿನಲ್ಲಿ, ನಂಬುವ ಹಾಗೆ ನಿಲ್ಲಿಸುವುದು ಹೇಗೆ ಎಂಬುದಕ್ಕೆ ಹ್ಯಾರಿಹೌಸನ್ ಕಂಡುಕೊಂಡ ಉತ್ತರ ಡೈನಮೇಷನ್.

ಕೆಲಸ ಹೀಗೆ ಸಾಗುತ್ತದೆ. ಮೊದಲು ನಟರನ್ನಷ್ಟೇ ಚಿತ್ರೀಕರಿಸುತ್ತಾರೆ. ಸ್ಟುಡಿಯೋದಲ್ಲಿ ಆ ರೀಲನ್ನು ಒಂದು ಚಿಕ್ಕ ಪರದೆಯ ಮೇಲೆ ಹಿಂದಿನಿಂದ, ಒಂದೊಂದೇ ಫ್ರೇಮ್‌ನಂತೆ ಮೂಡಿಸುತ್ತಾರೆ. ಪರದೆಯ ಮುಂದೆ ಒಂದು ಮೇಜು, ಅದರ ಮೇಲೆ ಬೊಂಬೆ. ಕ್ಯಾಮೆರಾ ಮತ್ತು ಬೊಂಬೆಯ ನಡುವೆ ಒಂದು ಗಾಜು. ಬೊಂಬೆ ಎಲ್ಲಿ ನಿಂತಂತೆ ಕಾಣಬೇಕೋ ಅಲ್ಲಿಂದ ಕೆಳಗಿನ ಭಾಗವನ್ನು ಗಾಜಿನ ಮೇಲೆ ಕಪ್ಪು ಬಳಿದು ಮುಚ್ಚುತ್ತಾರೆ. ಮೇಜೂ ಅದರಲ್ಲೇ ಮರೆಯಾಗುತ್ತದೆ. ಬೊಂಬೆಯ ಚಲನೆಯೆಲ್ಲ ಮುಗಿದ ಮೇಲೆ ಕ್ಯಾಮೆರಾದೊಳಗಿನ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಈ ಸಲ ಮೇಲಿನ ಭಾಗವನ್ನು ಕಪ್ಪಾಗಿಸಿ, ಕೆಳಗಿನ ನೆಲ, ಬಂಡೆ, ಮುಂದಿರುವ ನಟರನ್ನಷ್ಟೇ ಅದರ ಮೇಲೆ ತುಂಬುತ್ತಾರೆ. ಬೊಂಬೆಯ ಹಿಂದೆಯೂ ನಿಜವಾದ ಜಗತ್ತು, ಮುಂದೆಯೂ ನಿಜವಾದ ಜಗತ್ತು. ನಡುವೆ ಸಿಕ್ಕ ಬೊಂಬೆಯನ್ನು ಕಣ್ಣು ನಂಬಿಬಿಡುತ್ತದೆ.

ಹೆಸರು ಕೊಟ್ಟವರು ನಿರ್ಮಾಪಕ ಚಾರ್ಲ್ಸ್ ಶ್ನೀರ್. ಅನಿಮೇಷನ್ ಎಂದೊಡನೆ ಜನ ಮಕ್ಕಳ ಕಾರ್ಟೂನ್ ಎಂದುಕೊಳ್ಳುತ್ತಿದ್ದ ಕಾಲ ಅದು. 1958ರ 'ದಿ ಸೆವೆಂತ್ ವಾಯೇಜ್ ಆಫ್ ಸಿನ್‌ಬ್ಯಾಡ್' ಚಿತ್ರಕ್ಕೆ ಆ ಹಣೆಪಟ್ಟಿ ಅಂಟಬಾರದೆಂದು ಈ ಹೊಸ ಪದವನ್ನು ಪೋಸ್ಟರಿಗೆ ಏರಿಸಿದರು. ಎಪ್ಪತ್ತರ ದಶಕದಲ್ಲಿ ಅದೇ ವಿಧಾನ ಡೈನಾರಾಮಾ ಎಂಬ ಹೆಸರಿನಲ್ಲೂ ಬಂತು.

ಮತ್ತೆ ಅಸ್ಥಿಪಂಜರಗಳಿಗೆ ಬರೋಣ. ಈ ಕಥೆಯನ್ನು ಹೇಳುವ ಗ್ರೀಕ್ ಕವಿ ಅಪೊಲೋನಿಯಸ್‌ನ ಕಾವ್ಯದಲ್ಲಿ ಜೇಸನ್ ಸರ್ಪದ ಹಲ್ಲುಗಳನ್ನು ಬಿತ್ತಿದಾಗ ನೆಲದಿಂದ ಏಳುವವರು ರಕ್ತಮಾಂಸದ ಯೋಧರು. ಅವನು ಅವರ ನಡುವೆ ಒಂದು ಬಂಡೆ ಎಸೆಯುತ್ತಾನೆ, ಅವರು ತಮ್ಮತಮ್ಮಲ್ಲೇ ಬಡಿದಾಡಿ ಬೀಳುತ್ತಾರೆ. ಅವರನ್ನು ಅಸ್ಥಿಪಂಜರ ಮಾಡಿ, ಜೇಸನ್ ಎದುರೇ ಕತ್ತಿ ಹಿಡಿಸಿದ್ದು ಸಿನಿಮಾ. ಮೂಲಕ್ಕೆ ನಿಷ್ಠೆ ಇಲ್ಲ ಎಂದು ಇದನ್ನು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಸತ್ತವರನ್ನು ಮತ್ತೆ ಕೊಲ್ಲುವುದು ಹೇಗೆ ಎಂಬ ಭಯವನ್ನು ಈ ಬದಲಾವಣೆಯೇ ತಂದುಕೊಟ್ಟಿತು.

ಮೊದಲು ಸ್ಟಂಟ್ ಕಲಾವಿದರನ್ನು ಅಸ್ಥಿಪಂಜರಗಳ ಜಾಗದಲ್ಲಿ ನಿಲ್ಲಿಸಿ, ಕತ್ತಿವರಸೆಯನ್ನು ನೃತ್ಯದಂತೆ ತಾಲೀಮು ಮಾಡಿಸಿದರು. ಆಮೇಲೆ ಅವರನ್ನು ಹೊರಗೆ ಕಳಿಸಿ, ಮೂವರು ನಟರು ಬರಿ ಗಾಳಿಯೊಡನೆ ಹೋರಾಡಿದರು. ಎದುರಾಳಿಯ ಕತ್ತಿ ತಗುಲಬೇಕಾದ ಜಾಗದಲ್ಲಿ ತಮ್ಮ ಕತ್ತಿಯನ್ನು ತಾವೇ ತಡೆದು ನಿಲ್ಲಿಸಬೇಕು! ಆ ಖಾಲಿ ಜಾಗಗಳನ್ನು ಹ್ಯಾರಿಹೌಸನ್ ತಮ್ಮ ಕೋಣೆಯಲ್ಲಿ ಒಬ್ಬರೇ ಕೂತು ತುಂಬಿದರು. ಗೇಣುದ್ದದ ಏಳು ಬೊಂಬೆಗಳು, ಒಳಗೆ ಲೋಹದ ಕೀಲುಗಳು. ತಲೆ, ಎರಡು ಕೈ, ಎರಡು ಕಾಲು ಎಂದಿಟ್ಟುಕೊಂಡರೂ ಒಂದು ಫ್ರೇಮ್‌ಗೆ 35 ಸರಿಸುವಿಕೆ. ಒಂದು ಸೆಕೆಂಡಿಗೆ 24 ಫ್ರೇಮ್. ಯಾವ ಬೊಂಬೆಯ ಕೈ ಮೇಲೇಳುತ್ತಿತ್ತು, ಯಾವುದು ಇಳಿಯುತ್ತಿತ್ತು ಎಂಬುದೆಲ್ಲ ತಲೆಯಲ್ಲೇ ಇರಬೇಕು. ಕೆಲವೇ ನಿಮಿಷಗಳ ಈ ಕಾಳಗ ನಾಲ್ಕು ತಿಂಗಳಿಗೂ ಹೆಚ್ಚು ಕಾಲವನ್ನು ನುಂಗಿತು.

ಅದೇ ಚಿತ್ರದ ಕಂಚಿನ ದೈತ್ಯ ಟಾಲೋಸ್‌ನ ನಡಿಗೆ ತಡೆತಡೆದು ಸಾಗುತ್ತದೆ. ಅದು ತಂತ್ರದ ದೋಷವಲ್ಲ. ಲೋಹದ ಮೈ ಹಾಗೆಯೇ ಅಲುಗಾಡಬೇಕೆಂದು ಬೇಕೆಂದೇ ಮಾಡಿದ್ದು. ಅವನು ತಲೆ ತಿರುಗಿಸಿ ಕೆಳಗಿರುವ ಮನುಷ್ಯರನ್ನು ನೋಡುವ ಆ ಒಂದು ಕ್ಷಣವೇ ಸಾಕು, ಹ್ಯಾರಿಹೌಸನ್ ಬೊಂಬೆಯೊಳಗಿನ ನಟ ಎನ್ನಲು.

ಅವರ ಕೊನೆಯ ಪೂರ್ಣಾವಧಿ ಚಿತ್ರ 1981ರ 'ಕ್ಲ್ಯಾಷ್ ಆಫ್ ದಿ ಟೈಟನ್ಸ್'. ಅದರ ಕಡಲ ದೈತ್ಯ ಕ್ರಾಕನ್ ಹೆಸರು ಗ್ರೀಕ್ ಪುರಾಣದ್ದಲ್ಲ, ನಾರ್ವೆಯ ಕಡೆಯ ಕಥೆಗಳದ್ದು. ಆದರೆ ಅದೇ ಚಿತ್ರದ ಮೆಡೂಸಾ ಎಂಬ ರಾಕ್ಷಸಿ ಮಾತ್ರ ಅವರ ಕೈಚಳಕದ ತುದಿ. ತಲೆಯ ತುಂಬ ಹಾವುಗಳು, ಪ್ರತಿಯೊಂದನ್ನೂ ಪ್ರತಿ ಫ್ರೇಮ್‌ಗೂ ಬೇರೆ ಬೇರೆಯಾಗಿ ಹೊರಳಿಸಬೇಕಾಗಿತ್ತು.

ಇನ್ನೊಮ್ಮೆ ಈ ಚಿತ್ರಗಳನ್ನು ನೋಡುವಾಗ ಬೊಂಬೆ ತೆರೆಗೆ ಬರುವ ಮುನ್ನಿನ ಶಾಟ್ ಗಮನಿಸಿ. ಬೊಂಬೆ ಬಂದೊಡನೆ ಹಿನ್ನೆಲೆ ತುಸು ಮಬ್ಬಾಗಿ, ಬಣ್ಣ ಬದಲಾಗುತ್ತದೆ. ಪರದೆಯ ಮೇಲೆ ಮೂಡಿದ ಚಿತ್ರವನ್ನು ಎರಡನೆಯ ಸಲ ಚಿತ್ರೀಕರಿಸಿದ್ದರಿಂದ ಹಾಗಾಗುತ್ತದೆ.