ಮ್ಯಾಂಗನೀಸ್ ಶೃಂಗದ ಅರ್ಧ ಎತ್ತರದಲ್ಲಿ

ಇಡಿಎಸ್ ಡಿಟೆಕ್ಟರಿನ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾದರಿಯಿಂದ ಹೊಮ್ಮುವ ಎಕ್ಸ್-ಕಿರಣಗಳ ಶಕ್ತಿ ಅಳೆದು ಧಾತುಗಳನ್ನು ಗುರುತಿಸುವ ಸಾಧನ) ದಾಖಲೆಯಲ್ಲಿ ‘ರೆಸಲ್ಯೂಷನ್ 127 ಇವಿ’ (ಇವಿ ಎಂದರೆ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನ) ಎಂದಿದ್ದರೆ, ಅದು ಮ್ಯಾಂಗನೀಸಿನ ಕೆ-ಆಲ್ಫಾ ಎಂಬ ಎಕ್ಸ್-ಕಿರಣ ಗೆರೆಯ ಶೃಂಗ (5.895 ಕೆಇವಿ) ಅರ್ಧ ಎತ್ತರದಲ್ಲಿ ಎಷ್ಟು ಅಗಲವಿದೆ ಎಂಬುದರ ಲೆಕ್ಕ. ಐಎಸ್ಒ 15632 ಮಾನಕವೂ ಈ ಗೆರೆಯನ್ನೇ ಆಧಾರವಾಗಿ ಹಿಡಿದಿದೆ. ಕಬ್ಬಿಣ-55 ವಿಕಿರಣ ಆಕರದಿಂದ ಹೊಮ್ಮುವುದೂ ಇದೇ ಗೆರೆ. ಆಕರವಿಲ್ಲದಿದ್ದರೆ, ಆಗಷ್ಟೇ ಪಾಲಿಶ್ ಮಾಡಿದ ಶುದ್ಧ ಮ್ಯಾಂಗನೀಸ್ ತುಂಡಿನ ಮೇಲೆ 15 ಕೆವಿ ಎಲೆಕ್ಟ್ರಾನ್ ಕಿರಣ ಬಿಟ್ಟರೆ ಸಾಕು.

ಕಿರಣದ ಕರೆಂಟ್ ತಗ್ಗಿಸಿ, ಎಣಿಕೆಯ ದರ ಸೆಕೆಂಡಿಗೆ ಸುಮಾರು 1,000ಕ್ಕೆ ನಿಲ್ಲಿಸಿ. ಪ್ರೋಸೆಸ್ ಟೈಮ್ (ಪ್ರತಿ ಎಕ್ಸ್-ಕಿರಣದ ಸಂಕೇತವನ್ನು ಅಳೆಯಲು ಕೊಡುವ ಸಮಯ) ಅತಿ ದೀರ್ಘದ್ದಿರಲಿ, ಚಾನೆಲ್ (ಎಣಿಕೆಗಳನ್ನು ಶಕ್ತಿಯ ಪ್ರಕಾರ ಹಂಚಿಡುವ ಖಾನೆ) ಅಗಲ 10 ಇವಿ ಅಥವಾ ಅದಕ್ಕಿಂತ ಕಡಿಮೆ. ತುದಿಯ ಚಾನೆಲ್‌ನಲ್ಲಿ 10,000 ದಾಟುವವರೆಗೆ ಎಣಿಸಿ. ತುದಿಯಲ್ಲಿ 12,000, ಹಿನ್ನೆಲೆ 200 ಎಂದುಕೊಳ್ಳಿ. ನಿವ್ವಳ ಎತ್ತರ 11,800, ಅದರ ಅರ್ಧ 5,900. ಹಿನ್ನೆಲೆ ಮತ್ತೆ ಸೇರಿಸಿದರೆ 6,100. ಶೃಂಗದ ಎರಡೂ ಇಳಿಜಾರುಗಳು ಈ ಮಟ್ಟವನ್ನು ದಾಟುವ ಜಾಗ ಸಾಮಾನ್ಯವಾಗಿ ಎರಡು ಚಾನೆಲ್‌ಗಳ ನಡುವೆ ಬೀಳುತ್ತದೆ. ನಡುವಿನ ಬೆಲೆಯನ್ನು ನೇರರೇಖೆಯಿಂದ ಹುಡುಕಬೇಕು. ಚಾನೆಲ್ ಅಗಲ 10 ಇವಿ ಇದ್ದು, ಅಂತರ 12.7 ಚಾನೆಲ್ ಬಂದರೆ 127 ಇವಿ. ಹಿನ್ನೆಲೆ ಕಳೆಯದೆ ಅರ್ಧ ಮಾಡುವವರು ಬಹಳ ಮಂದಿ. ಆಗ ಅರ್ಧದ ಮಟ್ಟ ಶೃಂಗದ ಅಗಲವಾದ ಭಾಗಕ್ಕೆ ಇಳಿದು ಅಂಕಿ ಹಿಗ್ಗುತ್ತದೆ.

ಈ 127ರಲ್ಲಿ ದೊಡ್ಡ ಪಾಲು ಡಿಟೆಕ್ಟರಿನೊಳಗೆ ಎಕ್ಸ್-ಕಿರಣ ಹೀರುವ ಸಿಲಿಕಾನಿನದೇ. ಒಂದು ಎಲೆಕ್ಟ್ರಾನ್-ರಂಧ್ರ ಜೋಡಿಗೆ ಸುಮಾರು 3.65 ಇವಿ ಖರ್ಚಾಗುತ್ತದೆ, ಜೋಡಿಗಳ ಸಂಖ್ಯೆ ಪ್ರತಿ ಸಲವೂ ತುಸು ಏರುಪೇರಾಗುತ್ತದೆ. ಫಾನೋ ಅಂಶ (ಈ ಏರುಪೇರಿನ ಪ್ರಮಾಣ ಹೇಳುವ ಸಂಖ್ಯೆ) 0.115 ಎಂದು ಹಿಡಿದರೆ ಈ ಗೆರೆಯಲ್ಲಿ ಅದೊಂದರಿಂದಲೇ 117 ಇವಿ. ಯಾವ ದುರಸ್ತಿಯೂ ಅದನ್ನು ತಗ್ಗಿಸದು. ಉಳಿದದ್ದು ಮುಖ್ಯವಾಗಿ ಎಲೆಕ್ಟ್ರಾನಿಕ್ ಗದ್ದಲ. ಅದನ್ನು ವರ್ಗಗಳ ವ್ಯತ್ಯಾಸದಿಂದ ತೆಗೆಯಬೇಕು: 127ರ ವರ್ಗದಿಂದ 117ರ ವರ್ಗ ಕಳೆದು ವರ್ಗಮೂಲ ತೆಗೆದರೆ ಸುಮಾರು 49 ಇವಿ. ನೇರವಾಗಿ ಕಳೆದು ‘ಗದ್ದಲ ಹತ್ತೇ’ ಎಂದರೆ ತಪ್ಪು.

ನನ್ನ ಮಟ್ಟಿಗೆ ತಿಂಗಳು ತಿಂಗಳು ಬರೆದಿಡಬೇಕಾದ ಅಂಕಿ ಈ 49. ಇದು ಏರತೊಡಗಿದರೆ ಮೊದಲು ಡಿಟೆಕ್ಟರ್ ತಣ್ಣಗಿದೆಯೇ ನೋಡಿ, ಚೇಂಬರ್ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಆರಿಸಿ, ಅರ್ಥಿಂಗ್ ಪರೀಕ್ಷಿಸಿ, ಹತ್ತಿರದ ಪಂಪಿನ ಕಂಪನ ತಲುಪುತ್ತಿದೆಯೇ ಗಮನಿಸಿ. ಗದ್ದಲ ಸರಿಯಿದ್ದೂ ಶೃಂಗದ ಎಡಬದಿಗೆ ಬಾಲ ಬೆಳೆದಿದ್ದರೆ ವಿದ್ಯುದಾವೇಶ ಪೂರ್ತಿ ಸಂಗ್ರಹವಾಗುತ್ತಿಲ್ಲ. ಅದನ್ನು ಹಿಡಿಯಲು ಹತ್ತನೇ ಒಂದು ಎತ್ತರದ ಅಗಲವನ್ನೂ ಅಳೆಯಿರಿ. ಶುದ್ಧ ಗೌಸಿಯನ್ ಆಕಾರದಲ್ಲಿ ಅದು ಅರ್ಧ ಎತ್ತರದ ಅಗಲದ 1.82 ಪಟ್ಟು.

ಕಾರ್ಬನ್ನಿನ 277 ಇವಿ ಗೆರೆಯಲ್ಲಿ ಸಿಲಿಕಾನಿನ ಪಾಲು 25 ಇವಿಗೆ ಇಳಿಯುತ್ತದೆ, ಗದ್ದಲ ಮಾತ್ರ 49ರಲ್ಲೇ ನಿಲ್ಲುತ್ತದೆ. ಒಟ್ಟು ಸುಮಾರು 55. ಕೆಲಸ ಬೇಗ ಮುಗಿಯಲೆಂದು ಪ್ರೋಸೆಸ್ ಟೈಮ್ ಚಿಕ್ಕದು ಮಾಡಿದಾಗ ಮೊದಲು ಕೆಡುವುದು ಇಂಥ ಹಗುರ ಧಾತುಗಳ ಗೆರೆಗಳೇ. ಆದ್ದರಿಂದ ಡಿಟೆಕ್ಟರ್ ಕೊಳ್ಳುವಾಗ, ನೀವು ನಿತ್ಯ ಬಳಸುವ ಎಣಿಕೆಯ ದರದಲ್ಲಿ, ಅದೇ ಪ್ರೋಸೆಸ್ ಟೈಮ್‌ನಲ್ಲಿ, ಕಾರ್ಬನ್ ಗೆರೆಯ ಅಗಲವನ್ನೂ ಎದುರಿಗೇ ಅಳೆದು ತೋರಿಸಲು ಕೇಳಿ.