ಎಕ್ಸ್‌ಪೋರ್ಟ್ ಎಲ್ಲಿ ನಿಂತಿತು? ಮೊದಲು ಅದನ್ನು ಬರೆದುಕೊಳ್ಳಿ
ಮದುವೆ ಸೀಸನ್ ಬಂತೆಂದರೆ ಬಳ್ಳಾರಿ, ರಾಯಚೂರು ಕಡೆ ವಿಡಿಯೋ ಮಿಕ್ಸಿಂಗ್, ಅಂದರೆ ಎಡಿಟಿಂಗ್, ಮಾಡುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಎಕ್ಸ್‌ಪೋರ್ಟ್ ಅರ್ಧಕ್ಕ ನಿಲ್ತದ ಸರ್, ಸಾಫ್ಟ್‌ವೇರ್ ತೆಗೆದು ಮತ್ತ ಹಾಕ್ಲೇನು?’ ಬೇಡ. ಹಾಗೆ ಸರಿಹೋಗುವ ತೊಂದರೆ ತೀರ ಕಡಿಮೆ. ಎಕ್ಸ್‌ಪೋರ್ಟ್, ಅಂದರೆ ಎಡಿಟ್ ಮಾಡಿದ್ದನ್ನು ವಿಡಿಯೋ ಫೈಲ್ ಆಗಿ ತೆಗೆಯುವ ಕೆಲಸ, ನಿಂತ ಜಾಗದ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡಿನ ಲೆಕ್ಕ) ಬರೆದಿಟ್ಟುಕೊಂಡು, ಏನನ್ನೂ ಬದಲಿಸದೆ ಇನ್ನೊಂದು ಸಲ ಎಕ್ಸ್‌ಪೋರ್ಟ್‌ಗೆ ಬಿಡಿ. ಎರಡು ಸಲವೂ ಅಲ್ಲೇ ನಿಂತರೆ ದೋಷ ಟೈಮ್‌ಲೈನ್‌ನಲ್ಲಿ, ಅಂದರೆ ಕ್ಲಿಪ್‌ಗಳನ್ನು ಜೋಡಿಸಿಟ್ಟ ಸಾಲಿನಲ್ಲಿದೆ. ಒಮ್ಮೆ 12ನೇ ನಿಮಿಷ, ಇನ್ನೊಮ್ಮೆ 40ನೇ ನಿಮಿಷ ಎಂದಾದರೆ ಮಶೀನ್ ನೋಡಬೇಕು.

ಒಂದೇ ಜಾಗದ ತೊಂದರೆ ಹಿಡಿಯುವುದು ಸುಲಭ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊ ತೋರಿಸುವ ‘ಎರರ್ ಕಂಪೈಲಿಂಗ್ ಮೂವಿ’ ಸಂದೇಶವನ್ನು ಓದದೆ ಓಕೆ ಒತ್ತುವವರೇ ಜಾಸ್ತಿ. ಎಷ್ಟೋ ಸಲ ಅದರೊಳಗೇ ಟೈಮ್‌ಕೋಡ್ ಇರುತ್ತದೆ. ಆ ಜಾಗದ ಹಿಂದೆ-ಮುಂದೆ 10 ಸೆಕೆಂಡ್ ಬಿಟ್ಟು ಇನ್, ಔಟ್ (ಶುರು, ಕೊನೆಯ ಗುರುತು) ಹಾಕಿ ಅಷ್ಟನ್ನೇ ಎಕ್ಸ್‌ಪೋರ್ಟ್ ಮಾಡಿ. ಮತ್ತೆ ನಿಂತರೆ ಮೇಲಿನ ಟ್ರ್ಯಾಕ್‌ನಿಂದ ಶುರುಮಾಡಿ, ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎನೇಬಲ್’ ತೆಗೆಯುತ್ತ ಬನ್ನಿ. ಯಾವುದನ್ನು ತೆಗೆದಾಗ ದಾಟುತ್ತದೋ ಅದೇ ಕಳ್ಳ.

ಮದುವೆ ವಿಡಿಯೋದಲ್ಲಿ ಆ ಕಳ್ಳ ಬಹಳ ಸಲ ಫೋಟೊ ಕೊಲಾಜ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ 6000 x 4000 ಪಿಕ್ಸೆಲ್ ಇರುತ್ತದೆ. ಜೆಪೆಗ್ ಫೈಲ್ 10 ಎಂಬಿಯಷ್ಟೇ ಇದ್ದರೂ, ಪ್ರತಿ ಬಣ್ಣವನ್ನೂ 32 ಬಿಟ್‌ನಲ್ಲಿ ಲೆಕ್ಕ ಹಾಕುವಾಗ ಅದು ಗ್ರಾಫಿಕ್ಸ್ ಕಾರ್ಡಿನ ಮೆಮರಿಯಲ್ಲಿ ಸುಮಾರು 384 ಎಂಬಿ ಹಿಡಿಯುತ್ತದೆ. ಅಂಥ 9 ಫೋಟೊ ಒಂದೇ ಫ್ರೇಮಿನಲ್ಲಿ ತಿರುಗುತ್ತಿದ್ದರೆ 3.4 ಜಿಬಿ ಆಯಿತು. 4 ಜಿಬಿ ಕಾರ್ಡಿಗೆ ಉಸಿರಾಡಲು ಜಾಗವೆಲ್ಲಿ? ಫೋಟೊಗಳನ್ನು ಮೊದಲೇ ಉದ್ದದ ಕಡೆ 2500 ಪಿಕ್ಸೆಲ್‌ಗೆ ಇಳಿಸಿ ಹಾಕಿ. ಫುಲ್ ಎಚ್‌ಡಿ ಟೈಮ್‌ಲೈನ್‌ಗೆ ಅದು ಧಾರಾಳ.

ಗ್ರಾಫಿಕ್ಸ್ ಕಾರ್ಡಿನದೇ ತಪ್ಪೋ ಅಲ್ಲವೋ ಎಂಬ ಅನುಮಾನವಿದ್ದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ರೆಂಡರರ್ ಅನ್ನು ‘ಸಾಫ್ಟ್‌ವೇರ್ ಓನ್ಲಿ’ (ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಪ್ರೊಸೆಸರ್ ಮೇಲೆ) ಮಾಡಿ ಆ 20 ಸೆಕೆಂಡ್ ತುಂಡನ್ನು ಎಕ್ಸ್‌ಪೋರ್ಟ್‌ಗೆ ಬಿಡಿ. ದಾಟಿದರೆ ಅದನ್ನು ಪ್ರೋರೆಸ್ 422 (ಎಡಿಟಿಂಗ್‌ಗೆ ಬಳಸುವ ವಿಡಿಯೋ ಮಾದರಿ) ಫೈಲ್ ಆಗಿ ತೆಗೆದು ಅದೇ ಜಾಗದ ಮೇಲೆ ಕೂರಿಸಿ, ಕೆಳಗಿನ ಕ್ಲಿಪ್‌ಗಳನ್ನು ಡಿಸೇಬಲ್ ಮಾಡಿ. ಮೂರು ತಾಸಿನ ವಿಡಿಯೋ ಪೂರ್ತಿ ಸಾಫ್ಟ್‌ವೇರ್‌ನಲ್ಲಿ ಓಡಿಸುವುದು ಕರೆಂಟ್ ದಂಡ.

ಬೇರೆ ಬೇರೆ ಜಾಗಕ್ಕೆ ನಿಲ್ಲುತ್ತಿದ್ದರೆ ಮೊದಲ ಅನುಮಾನ ಬಿಸಿಯ ಮೇಲೆ. ನಮ್ಮ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಸಂಡೂರು ಕಡೆಯ ಕೆಂಪು ಧೂಳು, ಬಳ್ಳಾರಿಯ ಜೀನ್ಸ್ ಘಟಕಗಳ ಪಕ್ಕದ ಅಂಗಡಿಯಾದರೆ ಹತ್ತಿಯ ನುಗ್ಗು, ಎರಡೂ ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಹಾಳೆಯಂತೆ ಕೂರುತ್ತವೆ. ಬಿಸಿ ಎಷ್ಟೆಂದು ತೋರಿಸುವ ಎಚ್‌ಡಬ್ಲ್ಯೂ ಮಾನಿಟರ್ ಸಾಫ್ಟ್‌ವೇರ್ ತೆರೆದಿಟ್ಟು ಎಕ್ಸ್‌ಪೋರ್ಟ್ ಬಿಡಿ. ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತಿದ್ದರೆ ಫ್ಯಾನ್ ತಿರುಗದಂತೆ ಹಿಡಿದು ಬ್ಲೋವರ್‌ನಿಂದ ಊದಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ.

ಎರಡನೆಯದು ಕರೆಂಟ್. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿ ಸಾಮಾನ್ಯವಾಗಿ ಕೊನೆಗೆ ಬರೆಯಲ್ಪಡುತ್ತದೆ. 98 ಪರ್ಸೆಂಟ್‌ಗೆ ಕರೆಂಟ್ ಹೋದರೂ ಪಟ್ಟಿ ಇಲ್ಲದ ಆ ಫೈಲ್ ತೆರೆಯುವುದಿಲ್ಲ. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಎಕ್ಸ್‌ಪೋರ್ಟ್ ವೇಳೆ ಅದನ್ನು ಮೀರಬಹುದು. ಹಾಗಾದರೆ ಯುಪಿಎಸ್ ಇದ್ದೂ ಇಲ್ಲದಂತೆ. ಮನೆಯ ಇನ್ವರ್ಟರ್ ಮೇಲೆ ನಡೆಸುವವರು ಹಿಂದಿನ ಸ್ವಿಚ್ ‘ಯುಪಿಎಸ್’ (ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುವ) ಕಡೆ ಇದೆಯೇ ನೋಡಿ. ಏನೇ ಇರಲಿ, ಸುರಗಿ, ಅಕ್ಕಿಕಾಳು, ರಿಸೆಪ್ಷನ್ ಬೇರೆ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿದರೆ ಹೋಗುವುದು ಒಂದು ಭಾಗ ಮಾತ್ರ.

ಈ ಸೂತ್ರಕ್ಕೆ ಸಿಗದ ಒಂದು ಪ್ರಕರಣವಿದೆ. ಒಂದೇ ಜಾಗಕ್ಕೆ ನಿಲ್ಲುತ್ತದೆ, ಕ್ಲಿಪ್ ತೆಗೆದರೂ ನಿಲ್ಲುತ್ತದೆ, ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಎಂಬ ಲೆಕ್ಕ) ಇಳಿಸಿದರೆ ಮಾತ್ರ ನಿಲ್ಲುವ ಜಾಗ ಮುಂದೆ ಹೋಗುತ್ತದೆ. ಆಗ ನೇರ ಪೆನ್‌ಡ್ರೈವ್‌ಗೇ ಎಕ್ಸ್‌ಪೋರ್ಟ್ ಕೊಟ್ಟಿದ್ದೀರಾ ನೋಡಿ. ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನ ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಡ್ರೈವ್ 32 ಜಿಬಿ ಖಾಲಿ ಇದ್ದರೂ ಅಷ್ಟೇ. 10 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಬಿಟ್‌ರೇಟ್‌ನಲ್ಲಿ ಅದು ಸುಮಾರು 57 ನಿಮಿಷಕ್ಕೆ, 16ರಲ್ಲಿ 35 ನಿಮಿಷ ದಾಟಿದ ಮೇಲೆ ತುಂಬುತ್ತದೆ. ಯಾವಾಗಲೂ ಒಳಗಿನ ಎಸ್‌ಎಸ್‌ಡಿಗೆ ತೆಗೆದು ಆಮೇಲೆ ಕಾಪಿ ಮಾಡಿ. ಡ್ರೈವ್ ಅನ್ನು ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುವ ಮುಂಚೆ ಗಿರಾಕಿಯ ಟಿವಿ ಹಳೆಯದೇ ಎಂದು ಕೇಳಿ. ಹಳೆಯ ಕೆಲವು ಟಿವಿಗಳು ಅದನ್ನು ಓದುವುದಿಲ್ಲ. ಅಂಥವರಿಗೆ ಫ್ಯಾಟ್32ರಲ್ಲೇ 4 ಜಿಬಿ ಒಳಗಿನ ತುಂಡುಗಳು, ಎಚ್.264 ಮಾದರಿಯ ವಿಡಿಯೋ, 8 ಬಿಟ್, ಎಎಸಿ ಆಡಿಯೊ. ಹೊಸ ಮಾದರಿಯ ಎಚ್.265 ಕೊಟ್ಟು ‘ಬರೀ ಧ್ವನಿ ಬರ್ತದ, ಚಿತ್ರ ಇಲ್ಲ’ ಎಂದು ಬೈಸಿಕೊಳ್ಳಬೇಡಿ.

ಬೀಗರು ಮೊಬೈಲ್‌ನಲ್ಲಿ ಹಿಡಿದ ಕ್ಲಿಪ್‌ಗಳ ಮಾತು ಬೇರೆ. ಅವುಗಳ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು) ಏರಿಳಿಯುವುದರಿಂದ ಓಲಗದ ಸದ್ದು ಬರಬರುತ್ತ ಊದುವವರ ಬಾಯಿಂದ ಜಾರುತ್ತದೆ. ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನ ವಿಡಿಯೋ ಟ್ಯಾಬ್‌ನಲ್ಲಿ 25 ಎಫ್‌ಪಿಎಸ್, ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಹಾಕಿ ಬದಲಿಸಿಕೊಂಡ ಮೇಲೆಯೇ ಟೈಮ್‌ಲೈನ್‌ಗೆ ತನ್ನಿ.

ಪ್ರೀಮಿಯರ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಕಳಚಿ ‘ಲಕ್ಷ್ಮೀ’ ಚೂರುಚೂರಾಗಿದ್ದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್‌ನಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ‘ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್’ ಮಾಡಿ, ಹೆಸರನ್ನು ಹೊಸದಾಗಿ ಟೈಪ್ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಟೈಟಲ್ ಇರುವ ಪ್ರಾಜೆಕ್ಟನ್ನು ಬೇರೆ ಪಿಸಿಯಲ್ಲಿ ಎಕ್ಸ್‌ಪೋರ್ಟ್ ಮಾಡುವುದಾದರೆ ಅದೇ ಫಾಂಟ್ ಅಲ್ಲಿಯೂ ಇರಬೇಕು. ಇಲ್ಲದಿದ್ದರೆ ವಧುವಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ.