ಹೆಲೆಬೋರ್ ಬೇಡ, ನೆರಳಿಗೆ ಅಮೆಜಾನ್ ಲಿಲಿ ಹಚ್ಚಿ

ಬಿಸಿಲು ಬೀಳದ ಹಿತ್ತಲಿಗೆ ಹೂವಿನ ಗಿಡ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಹೆಲೆಬೋರ್ ಚಿತ್ರಗಳು. ಹುಬ್ಬಳ್ಳಿ-ಧಾರವಾಡದಲ್ಲಿ ಅದಕ್ಕೆ ದುಡ್ಡು ಹಾಕಬೇಡಿ. ಯುರೋಪ್ ಮತ್ತು ಕಾಕಸಸ್‌ನ ಚಳಿನಾಡಿನ ಗಿಡ ಅದು. ಬೀಜ ಮೊಳೆಯಲಿಕ್ಕೂ ಹೂ ಬಿಡಲಿಕ್ಕೂ ವಾರಗಟ್ಟಲೆ ಗಟ್ಟಿ ಚಳಿ ಬೇಕು. ಧಾರವಾಡದ ಡಿಸೆಂಬರ್ ರಾತ್ರಿ ಅದಕ್ಕೆ ಸಾಲದು, ಏಪ್ರಿಲ್ ಬಿಸಿಲು ತಾಳದು.

ನಮ್ಮ ನೆರಳಿಗೆ ಒಪ್ಪುವುದು ಅಮೆಜಾನ್ ಲಿಲಿ, ಅಂದರೆ ಯೂಕ್ಯಾರಿಸ್. ಅಗಲವಾದ, ಮಿರುಗುವ ಕಡುಹಸಿರು ಎಲೆ. ಒಂದೊಂದು ದಂಟಿಗೆ ನಾಲ್ಕಾರು ಬಾಗಿದ ಬಿಳಿ ಹೂ, ನವಿರಾದ ಪರಿಮಳ. ಬೆಳಗಿನ ಎಳೆಬಿಸಿಲು ಒಂದು ತಾಸು ಬಿದ್ದರೆ ತೊಂದರೆಯಿಲ್ಲ. ಮಧ್ಯಾಹ್ನದ ಬಿಸಿಲು ತಾಗಿದರೆ ಎಲೆಯ ನಡುವೆ ಬಿಳಿಚಿದ ಪಟ್ಟೆ ಮೂಡಿ, ಆಮೇಲೆ ಕಂದಾಗಿ ಒಣಗುತ್ತದೆ.

ಈ ಗಿಡ ಸಾಯುವುದು ಹೆಚ್ಚಾಗಿ ನೆರಳಿನಿಂದಲ್ಲ, ಎರಿ ಮಣ್ಣಿನಿಂದ, ಅಂದರೆ ಜಿಗುಟಾದ ಕಪ್ಪು ಮಣ್ಣಿನಿಂದ. ಹುಬ್ಬಳ್ಳಿ, ಗದಗ ಕಡೆಯ ಎರಿ ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತದೆ. ನೆರಳಿನಲ್ಲಿ ಬೇಗ ಆರುವುದೂ ಇಲ್ಲ. ಗಡ್ಡೆ ಕೆಳಗಿನಿಂದ ಮೆತ್ತಗಾಗಿ ಕೊಳೆಯುತ್ತದೆ. ಹೊರಗೆ ಎಲೆ ಹಳದಿಯಾಗಿ ಬಾಗಿದ್ದು ಕಂಡು ನೀರು ಸಾಲದೆಂದು ಇನ್ನಷ್ಟು ಹಾಕಿದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ನೆಲದ ಮೇಲೆ 20 ಸೆಂ.ಮೀ. ಎತ್ತರದ ಮಡಿ ಮಾಡಿ. ಮಸಾರಿ (ಕೆಂಪು) ಮಣ್ಣು ಎರಡು ಬುಟ್ಟಿ, ದಪ್ಪ ಉಸುಕು ಒಂದು, ಪೂರ್ತಿ ಕಳಿತ ತಿಪ್ಪೆಗೊಬ್ಬರ ಒಂದು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಮಾವಿನ ಬುಡದಲ್ಲಾದರೆ ಬೇರು ಕಡಿದು ಮಡಿ ಮಾಡಬೇಡಿ, ಕಾಂಡಕ್ಕೆ ಮಣ್ಣು ಏರಿಸಲೂ ಬೇಡಿ, ತೊಗಟೆ ಕೊಳೆಯುತ್ತದೆ. ಅಲ್ಲಿ ಕುಂಡವೇ ಒಳ್ಳೆಯದು: 10 ಇಂಚಿನದಕ್ಕೆ ಮೂರ್ನಾಲ್ಕು ಗಡ್ಡೆ, ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಇರಲಿ.

ಎಲೆ ಸೊಂಪಾಗಿದ್ದೂ ಹೂ ಬಾರದಿದ್ದರೆ ಗಿಡಕ್ಕೆ ವಿಶ್ರಾಂತಿ ಸಿಕ್ಕಿಲ್ಲ ಎಂದೇ ತಿಳಿಯಿರಿ. ವರ್ಷವಿಡೀ ಒಂದೇ ಸಮ ನೀರುಣಿಸಿದ ಗಿಡ ಎಲೆಯನ್ನೇ ಬಿಡುತ್ತದೆ. ಮೂರ್ನಾಲ್ಕು ವಾರ ನೀರು ಕಡಿಮೆ ಮಾಡಿ. ಎಲೆ ತುಸು ಜೋಲುವಂತಾದರೆ ಸಾಕು, ಉದುರುವವರೆಗೆ ಒಣಗಿಸಬಾರದು. ಬಳಿಕ ಚೆನ್ನಾಗಿ ನೀರು ಕೊಟ್ಟು, ಹದಿನೈದು ದಿನಕ್ಕೊಮ್ಮೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವುದು) ಲೀಟರ್ ನೀರಿಗೆ 2 ಗ್ರಾಂನಂತೆ ಕರಗಿಸಿ ಹಾಕಿ. ಮೇ ತಿಂಗಳ ಸೆಕೆಯಲ್ಲಿ ವಿಶ್ರಾಂತಿ ಕೊಟ್ಟರೆ ಹೂ ಬರಲು ಮುಂಗಾರಿನ ತಂಪು ತಾನಾಗಿ ಜೊತೆಗೂಡುತ್ತದೆ. ನನ್ನ ಪ್ರಕಾರ ಇಲ್ಲಿಗೆ ಇದೇ ಸರಿಯಾದ ಹೊತ್ತು.

ಬೋರ್ ನೀರು ಗಡುಸಾಗಿದ್ದಲ್ಲಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ ಫೆರಸ್ ಸಲ್ಫೇಟ್ 3 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಕರಗಿಸಿ ಸಂಜೆ ಸಿಂಪಡಿಸಿ. ಎಲೆ, ದಂಟಿನ ಮೇಲೆ ಕೆಂಪು ಗೀರಿನಂಥ ಕಲೆ ಕಂಡರೆ ಅದು ಶಿಲೀಂಧ್ರ: ಆ ಎಲೆ ಕತ್ತರಿಸಿ ತೆಗೆಯಿರಿ, ನೀರು ಬುಡಕ್ಕಷ್ಟೇ ಹಾಕಿ. ಎಲೆಯ ಬುಡದಲ್ಲಿ ಸೇರಿಕೊಳ್ಳುವ ಹಿಟ್ಟು ತಿಗಣೆಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರಾಯಿತು.

ಕುಂಡ ಬದಲಿಸುವ ಅವಸರ ಬೇಡ. ಗಡ್ಡೆಗಳು ಒತ್ತೊತ್ತಾಗಿದ್ದಷ್ಟೂ ಹೂ ಹೆಚ್ಚು. ಮೂರ್ನಾಲ್ಕು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಬೇರು ಹರಿಯದಂತೆ ಬಿಡಿಸಿ. ಗಡ್ಡೆ ವಿಷಕಾರಿ, ಬಿಡಿಸುವಾಗ ಮಕ್ಕಳು, ನಾಯಿ ಹತ್ತಿರ ಸುಳಿಯದಂತೆ ನೋಡಿಕೊಂಡು ಕೈ ತೊಳೆಯಿರಿ.